ಕೋಲನ್ ಇದ್ದಲ್ಲಿ ಸೊನ್ನೆ

ರೂಟ್:ಎಕ್ಸ್:0:0:ರೂಟ್:/ರೂಟ್:/ಬಿನ್/ಬ್ಯಾಶ್

ಲಿನಕ್ಸ್ ಬಳಸುವವರು ಈ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದರೂ ಗುರುತು ಹಿಡಿಯುತ್ತಾರೆ. ಯಂತ್ರದಲ್ಲಿ ಯಾರ್ಯಾರಿಗೆ ಖಾತೆ ಇದೆ ಎಂದು ಬರೆದಿಟ್ಟ ಪಾಸ್‌ವರ್ಡ್ ಫೈಲಿನ ಮೊದಲ ಸಾಲು ಇದು. ಏಳು ಅಂಕಣ, ಆರು ಕೋಲನ್. ಹೆಸರು, ಗುಪ್ತಪದ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ವಿವರ, ಮನೆ ಡೈರೆಕ್ಟರಿ, ಒಳಗೆ ಬಂದ ಕೂಡಲೇ ಓಡಬೇಕಾದ ಶೆಲ್. ಗುಪ್ತಪದದ ಜಾಗದಲ್ಲಿ ಈಗ ‘ಎಕ್ಸ್’ ಮಾತ್ರ ಇರುತ್ತದೆ; ಅಸಲಿ ಮಾಹಿತಿ ಬೇರೊಂದು ಫೈಲಿಗೆ ಹೋಗಿದೆ. ಅದೊಂದನ್ನು ಬಿಟ್ಟರೆ, 1979ರ ಜನವರಿಯಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಈ ಸಾಲಿನ ರೂಪ ಹೇಗಿತ್ತೋ ಇವತ್ತಿಗೂ ಹಾಗೆಯೇ ಇದೆ.

ಆ ಆವೃತ್ತಿಯ ಸಿ ಲೈಬ್ರರಿಯಲ್ಲಿ ಈ ಫೈಲನ್ನು ಓದುವುದಕ್ಕೆಂದೇ ಒಂದು ಪುಟ್ಟ ಕೋಡ್ ಇದೆ. ಅದರೊಳಗೆ, ಹೊರಗಿನವರಿಗೆ ಕಾಣದಂತೆ ಇಟ್ಟ ಒಂದು ಫಂಕ್ಷನ್. ಹೆಸರು ಪಿಡಬ್ಲ್ಯೂಸ್ಕಿಪ್. ಮೈಯಲ್ಲಿರುವುದು ನಾಲ್ಕೇ ಸಾಲು. ಅದಕ್ಕೆ ನಾವು ಕೊಡುವುದು ಒಂದು ಪಾಯಿಂಟರ್, ಅಂದರೆ ಸಾಲಿನ ಯಾವುದೋ ಒಂದು ಅಕ್ಷರ ಮೆಮೊರಿಯಲ್ಲಿ ಕೂತಿರುವ ವಿಳಾಸ. ಮೊದಲ ಎರಡು ಸಾಲು ಸೇರಿ ಒಂದು ವೈಲ್ ಲೂಪ್: ನಿಂತ ಜಾಗದಲ್ಲಿ ಸೊನ್ನೆಯೂ ಇಲ್ಲ, ಕೋಲನ್ನೂ ಇಲ್ಲ ಎನ್ನುವಷ್ಟು ಹೊತ್ತು ಒಂದೊಂದೇ ಹೆಜ್ಜೆ ಮುಂದೆ ಹೋಗು. ಮೂರನೆಯ ಸಾಲು: ನಿಂತಲ್ಲಿ ಸೊನ್ನೆ ಅಲ್ಲದ್ದು ಇದ್ದರೆ ಅದರ ಮೇಲೆ ಸೊನ್ನೆ ಬರೆದು ಒಂದು ಹೆಜ್ಜೆ ದಾಟು. ನಾಲ್ಕನೆಯದು: ಈಗಿನ ವಿಳಾಸವನ್ನು ಕೇಳಿದವರಿಗೆ ಕೊಡು.

ಈ ನಾಲ್ಕು ಸಾಲು ನನಗೆ ಬಹಳ ಇಷ್ಟ. ಇದನ್ನು ಕರೆಯುವ ಫಂಕ್ಷನ್ನಿನ ಲಯವೂ ಅಷ್ಟೇ ಇಷ್ಟ. ಇಲ್ಲಿಂದ ಹೆಸರು, ದಾಟು. ಇಲ್ಲಿಂದ ಗುಪ್ತಪದ, ದಾಟು. ಇಲ್ಲಿಂದ ಸಂಖ್ಯೆ, ದಾಟು. ಬಾಯಲ್ಲಿ ಹೇಳಿಕೊಂಡು ಓದಬಹುದಾದ ಕೋಡ್. ಒಂದು ಸಾಲು ಫೈಲಿನಿಂದ ಬಂದು ಬಫರಿನಲ್ಲಿ ಕೂತಿತೆಂದರೆ ಮುಂದೆ ಒಂದಕ್ಷರವೂ ಜಾಗ ಬಿಟ್ಟು ಕದಲುವುದಿಲ್ಲ. ಯಾವುದನ್ನೂ ನಕಲು ಮಾಡುವುದಿಲ್ಲ, ಹೊಸ ಮೆಮೊರಿ ಕೇಳುವುದಿಲ್ಲ. ಹೊಲದ ನಡುವೆ ಬದು ಹಾಕಿದಾಗ ಮಣ್ಣು ಇದ್ದಲ್ಲೇ ಇದ್ದು ಒಂದು ಹೊಲ ಎರಡಾಗುವಂತೆ, ಆರು ಕೋಲನ್‌ಗಳ ಜಾಗದಲ್ಲಿ ಆರು ಸೊನ್ನೆ ಬಿದ್ದು ಒಂದು ಸಾಲು ಏಳಾಗುತ್ತದೆ.

ಸೊನ್ನೆ ಎಂದರೆ ಇಲ್ಲಿ ‘0’ ಎಂಬ ಅಂಕಿ ಅಲ್ಲ; ಆ ಅಂಕಿಯ ಆಸ್ಕಿ ಸಂಖ್ಯೆ 48. ಇದು ಎಂಟು ಬಿಟ್ಟುಗಳೂ ಆರಿಹೋದ ಬೈಟ್. ಸಿ ಭಾಷೆಯಲ್ಲಿ ಪಠ್ಯ ಎಲ್ಲಿ ಮುಗಿಯಿತು ಎಂದು ತಿಳಿಯುವುದು ಆ ಬೈಟಿನಿಂದಲೇ. ಇದು ಆಯ್ದು ಮಾಡಿದ ತೀರ್ಮಾನ. ಸಿ ಭಾಷೆಯ ಅಜ್ಜಿ ಎನ್ನಬಹುದಾದ, ಮಾರ್ಟಿನ್ ರಿಚರ್ಡ್ಸ್ ಕಟ್ಟಿದ ಬಿಸಿಪಿಎಲ್‌ನಲ್ಲಿ ಪಠ್ಯದ ಮೊದಲ ಬೈಟಿನಲ್ಲೇ ಅದರ ಉದ್ದವನ್ನು ಬರೆದಿಡುತ್ತಿದ್ದರು. ಕೆನ್ ಥಾಂಪ್ಸನ್ನರ ಬಿ ಭಾಷೆ ಆ ಪದ್ಧತಿಯನ್ನು ಕೈಬಿಟ್ಟು ಕೊನೆಯಲ್ಲಿ ಒಂದು ಗುರುತು ಇಡತೊಡಗಿತು. ಡೆನಿಸ್ ರಿಚಿ ಅದನ್ನೇ ಸಿಗೆ ತಂದರು. 1993ರಲ್ಲಿ ಸಿ ಬೆಳೆದ ಬಗೆಯನ್ನು ಬರೆಯುವಾಗ ರಿಚಿ ಇದಕ್ಕೆ ಎರಡು ಕಾರಣ ಕೊಟ್ಟಿದ್ದಾರೆ: ಎಂಟೊಂಬತ್ತು ಬಿಟ್ಟುಗಳಲ್ಲಿ ಉದ್ದ ಬರೆಯಬೇಕೆಂದರೆ ಪಠ್ಯ ಎಷ್ಟುದ್ದ ಇರಬಹುದು ಎಂಬುದಕ್ಕೆ ಮಿತಿ ಬೀಳುತ್ತದೆ ಎಂಬುದು ಒಂದು, ಉದ್ದವನ್ನು ಲೆಕ್ಕ ಇಡುತ್ತಾ ಹೋಗುವುದಕ್ಕಿಂತ ಕೊನೆಗೆ ಗುರುತು ಇಡುವುದೇ ಅನುಭವದಲ್ಲಿ ಸಲೀಸಾಗಿ ಕಂಡಿತು ಎಂಬುದು ಇನ್ನೊಂದು.

ಇದರ ಅರ್ಥ, ಸಿ ಭಾಷೆಯ ಸ್ಟ್ರಿಂಗ್ ಕೂಡ ಒಂದು ಡಿಲಿಮಿಟರ್ (ಎಲ್ಲೆಯ ಗುರುತು) ಇಟ್ಟ ಪಠ್ಯವೇ. ಪಾಸ್‌ವರ್ಡ್ ಫೈಲು ಕೋಲನ್ ಇಟ್ಟು ಅಂಕಣ ಮುಗಿಸುತ್ತದೆ, ಸಿ ಸೊನ್ನೆ ಇಟ್ಟು ಪಠ್ಯ ಮುಗಿಸುತ್ತದೆ. ಎರಡೂ ಒಂದೊಂದೇ ಬೈಟ್. ಹಾಗಾಗಿ ಸಿಯಲ್ಲಿ ಇಂಥ ಫೈಲನ್ನು ಬಿಡಿಸುವುದೆಂದರೆ ಫೈಲಿನ ಗುರುತನ್ನು ಅಳಿಸಿ ಅದೇ ಜಾಗದಲ್ಲಿ ಭಾಷೆಯ ಗುರುತನ್ನು ಬರೆಯುವುದು, ಅಷ್ಟೇ. ಒಂದು ಬೈಟಿಗೆ ಒಂದು ಬೈಟ್ ಸರಿಹೋಗುತ್ತದೆ; ಉಳಿಯುವುದೂ ಇಲ್ಲ, ಸಾಲದಾಗುವುದೂ ಇಲ್ಲ. ಪಠ್ಯದ ಉದ್ದವನ್ನು ಮೊದಲಿಗೇ ಬರೆದಿಡುವ ಭಾಷೆಗಳಲ್ಲಿ ಈ ಸರಾಗ ಸಿಗುವುದಿಲ್ಲ. ಬೇರೆ ಭಾಷೆಗಳಲ್ಲಿ ‘ಸ್ಪ್ಲಿಟ್’ ಎಂದು ಒಂದೇ ಮಾತಿನಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಅದರ ಹಿಂದೆ ಪ್ರತಿ ಅಂಕಣಕ್ಕೂ ಹೊಸ ಜಾಗ ಹುಡುಕಿ, ನಕಲು ಮಾಡಿ, ಆಮೇಲೆ ಗುಡಿಸಿ ಹಾಕುವ ದುಡಿಮೆ ಸಾಮಾನ್ಯವಾಗಿ ಇರುತ್ತದೆ. ಒಂದು ಪ್ರೋಗ್ರಾಮಿನ ದತ್ತಾಂಶಕ್ಕೆ 64 ಕಿಲೋಬೈಟಿನ ಮೇಲೆ ವಿಳಾಸವೇ ಇಲ್ಲದ ಪಿಡಿಪಿ-11 ಯಂತ್ರದ ಮೇಲೆ ಹುಟ್ಟಿದ ಕೋಡಿಗೆ ಆ ದುಡಿಮೆ ಬೇಕಿರಲಿಲ್ಲ.

ಮೂರನೆಯ ಸಾಲಿನ ‘ಇದ್ದರೆ’ ಎಂಬ ಷರತ್ತನ್ನು ಇನ್ನೊಮ್ಮೆ ನೋಡಿ. ಸಾಲು ಅಕಾಲದಲ್ಲಿ ಮುಗಿದಿದೆ ಎಂದುಕೊಳ್ಳಿ. ಏಳು ಇರಬೇಕಾದಲ್ಲಿ ಎರಡೇ ಅಂಕಣ. ಪಾಯಿಂಟರ್ ಕೊನೆಯ ಸೊನ್ನೆಗೆ ಬಂದು ನಿಲ್ಲುತ್ತದೆ. ಷರತ್ತು ಸುಳ್ಳಾಗುತ್ತದೆ, ಹೆಜ್ಜೆ ಮುಂದೆ ಬೀಳುವುದಿಲ್ಲ. ಮತ್ತೆ ಎಷ್ಟು ಸಲ ದಾಟು ಎಂದರೂ ಅಲ್ಲೇ ನಿಂತಿರುತ್ತದೆ. ಬಫರಿನ ಆಚೆಗೆ ಕಾಲಿಡದೆ, ಇಲ್ಲದ ಅಂಕಣಗಳನ್ನೆಲ್ಲ ಖಾಲಿ ಪಠ್ಯ ಎಂದು ತಾನಾಗಿ ಒಪ್ಪಿಸಿಬಿಡುತ್ತದೆ. ದೋಷ ಹಿಡಿಯಲು ಪ್ರತ್ಯೇಕ ಸಾಲೊಂದಿಲ್ಲ; ಲೂಪಿನ ಆಕಾರದಲ್ಲೇ ಆ ಎಚ್ಚರ ಸೇರಿಕೊಂಡಿದೆ. ಒಳ್ಳೆಯ ಸಿ ಕೋಡಿನ ಸೊಗಸು ಇರುವುದೇ ಇಂಥಲ್ಲಿ.

ಅದರ ಪಕ್ಕದಲ್ಲೇ ಅಪಾಯವೂ ಇದೆ. ಸಂಖ್ಯೆಯ ಅಂಕಣಗಳನ್ನು ಆ ಕೋಡ್ ಎಟೊಐ ಎಂಬ ಫಂಕ್ಷನ್ನಿನಿಂದ ಓದುತ್ತದೆ. ಎಟೊಐಗೆ ಖಾಲಿ ಪಠ್ಯ ಕೊಟ್ಟರೆ ಉತ್ತರ ಸೊನ್ನೆ. ‘ಅಆಇ’ ಎಂದು ಕೊಟ್ಟರೂ ಸೊನ್ನೆ. ಪಾಸ್‌ವರ್ಡ್ ಫೈಲಿನಲ್ಲಿ ಸೊನ್ನೆ ಎಂಬ ಬಳಕೆದಾರ ಸಂಖ್ಯೆ ರೂಟ್‌ನದು, ಅಂದರೆ ಯಂತ್ರದ ಸರ್ವಾಧಿಕಾರಿಯದು. ಅರ್ಧಕ್ಕೆ ತುಂಡಾದ ಸಾಲು ರೂಟ್‌ನ ಸಂಖ್ಯೆ ಹೊತ್ತು ಹೊರಬರುತ್ತದೆ. 1989ರ ಆನ್ಸಿ ಮಾನಕದಲ್ಲಿ ಸೇರಿದ ಎಸ್‌ಟಿಆರ್‌ಟಾಲ್ ಈ ಕೊರತೆಯನ್ನು ಎಷ್ಟು ಚೆಂದವಾಗಿ ತುಂಬುತ್ತದೆ ಎಂದರೆ, ಅದು ಸಂಖ್ಯೆಯ ಜೊತೆಗೆ ‘ನಾನು ಓದುತ್ತಾ ಇಲ್ಲಿ ನಿಂತೆ’ ಎಂದು ಒಂದು ವಿಳಾಸವನ್ನೂ ಕೊಡುತ್ತದೆ. ಹೊರಟ ಜಾಗ ದಾಟಿ ಕೋಲನ್ ಮೇಲೆ ನಿಂತಿದ್ದರೆ ಅಂಕಣ ಪೂರ್ತಿ ಅಂಕಿಯೇ. ಹೊರಟ ಜಾಗದಲ್ಲೇ ನಿಂತಿದ್ದರೆ ಅಲ್ಲಿ ಅಂಕಿಯೇ ಇರಲಿಲ್ಲ. ನಡುವೆ ಎಲ್ಲೋ ನಿಂತಿದ್ದರೆ ಏನೋ ಕಲಬೆರಕೆ. ಒಂದೇ ಪಾಯಿಂಟರಿನಿಂದ ಮೂರು ಸುದ್ದಿ.

ಐದನೆಯ ಅಂಕಣದ ಹೆಸರೂ ಸ್ವಾರಸ್ಯದ್ದು. ಅದನ್ನು ಈಗಲೂ ‘ಜೀಕಾಸ್’ ಎನ್ನುತ್ತಾರೆ. ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ದೊಡ್ಡ ಕಂಪ್ಯೂಟರುಗಳಿಗೆ ಮಾಡಿದ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಅದು. ಕಂಪನಿಯ ಕಂಪ್ಯೂಟರ್ ವ್ಯವಹಾರ 1970ರಲ್ಲಿ ಹನಿವೆಲ್ ಕೈಗೆ ಹೋಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಆ ಬಗೆಯ ಒಂದು ಯಂತ್ರವಿತ್ತು; ಯೂನಿಕ್ಸ್‌ನಿಂದ ಅದಕ್ಕೆ ಮುದ್ರಣದ ಕೆಲಸ ಕಳಿಸಬೇಕಾದರೆ ಬೇಕಾದ ಗುರುತಿನ ವಿವರವನ್ನು ಈ ಅಂಕಣದಲ್ಲಿ ಇಡುತ್ತಿದ್ದರು. ಯಂತ್ರ ಹೋಯಿತು, ಅಂಕಣ ಉಳಿಯಿತು. ಅದರಲ್ಲಿ ಈಗ ಬಳಕೆದಾರನ ಪೂರ್ತಿ ಹೆಸರು, ಕೋಣೆ, ಫೋನ್ ನಂಬರುಗಳನ್ನು ಕಾಮಾ ಹಾಕಿ ಬರೆಯುವ ರೂಢಿ. ಕೋಲನ್ನಿನಿಂದ ಬೇರಾದ ಅಂಕಣದ ಹೊಟ್ಟೆಯೊಳಗೆ ಕಾಮಾದಿಂದ ಬೇರಾದ ಒಳಅಂಕಣಗಳು. ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಇನ್ನೂ ಒಂದು ಸೂಕ್ಷ್ಮ ಇತ್ತು: ಈ ಹೆಸರಿನೊಳಗೆ ‘&’ ಚಿಹ್ನೆ ಬಂದರೆ ಆ ಜಾಗದಲ್ಲಿ ಮೊದಲ ಅಂಕಣದ ಲಾಗಿನ್ ಹೆಸರನ್ನು, ಮೊದಲಕ್ಷರ ದೊಡ್ಡದು ಮಾಡಿ, ತುಂಬಿಕೊಳ್ಳಬೇಕು. ಒಂದು ಬೈಟ್ ಉಳಿಸುವುದಕ್ಕೂ ಎಷ್ಟು ಅಕ್ಕರೆ!

ಆ ಹೆಸರನ್ನು ದೂರದ ಯಂತ್ರಗಳಿಗೆ ತಿಳಿಸುತ್ತಿದ್ದ ‘ಫಿಂಗರ್’ ಸೇವೆಯ ಮೂಲಕವೇ 1988ರ ನವೆಂಬರ್ 2ರಂದು ಇಂಟರ್ನೆಟ್ಟಿನ ಮೊದಲ ದೊಡ್ಡ ಹುಳು ಯಂತ್ರದಿಂದ ಯಂತ್ರಕ್ಕೆ ಹರಿಯಿತು. ಅದರ ದಾರಿಗಳಲ್ಲಿ ಇದೂ ಒಂದು. ಆ ಸೇವೆ 512 ಬೈಟಿನ ಬಫರಿಗೆ ಗೆಟ್ಸ್ ಎಂಬ ಫಂಕ್ಷನ್ನಿನಿಂದ ಸಾಲು ಓದುತ್ತಿತ್ತು; ಗೆಟ್ಸ್‌ಗೆ ಬಫರ್ ಎಷ್ಟು ದೊಡ್ಡದು ಎಂದು ಹೇಳುವ ಉಪಾಯವೇ ಇಲ್ಲ. ಏಳನೆಯ ಆವೃತ್ತಿಯ ಪಾಸ್‌ವರ್ಡ್ ಕೋಡ್ ಅದಕ್ಕೂ ಒಂಬತ್ತು ವರ್ಷ ಹಿಂದೆಯೇ ಎಫ್‌ಗೆಟ್ಸ್ ಬಳಸಿ, ಬಫರಿನ ಅಳತೆ ಹೇಳಿಯೇ ಸಾಲು ತರುತ್ತಿತ್ತು. ಗೆಟ್ಸ್ ಅನ್ನು ಮಾನಕದಿಂದ ಕಿತ್ತುಹಾಕಿದ್ದು 2011ರಲ್ಲಿ.

ಸಿ ಕಲಿಯುವವರಿಗೆ ಕಾಲೇಜಿನಲ್ಲಿ ಮೊದಲು ಪರಿಚಯವಾಗುವುದು ಎಸ್‌ಟಿಆರ್‌ಟಾಕ್. ಇದೂ ಸೊನ್ನೆ ಬರೆಯುವ ಜಾತಿಯದೇ. ಮೊದಲ ಸಲ ಸಾಲನ್ನು ಕೊಟ್ಟು, ಮುಂದಿನ ಸಲಗಳಲ್ಲಿ ಬರೀ ಶೂನ್ಯ ಪಾಯಿಂಟರ್ ಕೊಟ್ಟರೆ ಸಾಕು. ಎಲ್ಲಿಗೆ ನಿಂತಿದ್ದೆ ಎಂದು ಅದು ಒಳಗೇ ನೆನಪಿಟ್ಟುಕೊಂಡಿರುತ್ತದೆ. ಆ ನೆನಪು ಇರುವುದು ಒಂದೇ ಒಂದು. ಕೋಲನ್ನಿನಿಂದ ಸಾಲನ್ನು ಬಿಡಿಸುತ್ತಾ, ಜೀಕಾಸ್ ಅಂಕಣ ಬಂದಾಗ ಒಳಗಿನ ಕಾಮಾಗಳನ್ನೂ ಇದರಿಂದಲೇ ಬಿಡಿಸಲು ಹೋದರೆ ಹೊರಗಿನ ನೆನಪು ಅಳಿಸಿಹೋಗುತ್ತದೆ. ನೆನಪಿಟ್ಟುಕೊಳ್ಳುವ ಜಾಗವನ್ನು ಕರೆಯುವವರೇ ಕೊಡುವ ಎಸ್‌ಟಿಆರ್‌ಟಾಕ್-ಆರ್ ಬಂದದ್ದು ಇದಕ್ಕೇ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಸಾಲಾಗಿ ಎರಡು ಡಿಲಿಮಿಟರ್ ಬಂದರೆ ಎಸ್‌ಟಿಆರ್‌ಟಾಕ್ ಎರಡನ್ನೂ ಒಟ್ಟಿಗೆ ನುಂಗಿ ಮುಂದಕ್ಕೆ ಹೋಗುತ್ತದೆ. ವಾಕ್ಯದಿಂದ ಪದಗಳನ್ನು ಹೆಕ್ಕುವಾಗ ಇದೇ ಸರಿ, ಅಲ್ಲಿ ಎರಡು ಖಾಲಿ ಜಾಗಕ್ಕೂ ಒಂದಕ್ಕೂ ವ್ಯತ್ಯಾಸವಿಲ್ಲ. ಪಟ್ಟಿಯಲ್ಲಿ ಹಾಗಲ್ಲ. ಅಲ್ಲಿ ಎರಡು ಕಾಮಾ ನಡುವಿನ ಏನೂ ಇಲ್ಲದಿರುವಿಕೆಯೂ ಮಾಹಿತಿಯೇ: ಈ ಮನುಷ್ಯನಿಗೆ ಫೋನ್ ಇಲ್ಲ, ಈ ದಿನ ಮಳೆಯ ಅಳತೆ ಸಿಕ್ಕಿಲ್ಲ. ಅದನ್ನು ನುಂಗಿದರೆ ನಂತರದ ಅಂಕಣಗಳೆಲ್ಲ ಒಂದೊಂದು ಮನೆ ಹಿಂದಕ್ಕೆ ಜರುಗಿ, ಊರಿನ ಜಾಗದಲ್ಲಿ ಪಿನ್‌ಕೋಡ್ ಬಂದು ಕೂರುತ್ತದೆ. ಬರ್ಕ್ಲಿಯವರ ಎಸ್‌ಟಿಆರ್‌ಸೆಪ್ ಖಾಲಿ ಅಂಕಣವನ್ನು ಖಾಲಿಯಾಗಿಯೇ ಕೈಗಿಡುತ್ತದೆ. ಪಟ್ಟಿಗಳ ಕೆಲಸಕ್ಕೆ ನನ್ನ ಮತ ಅದಕ್ಕೆ.

ಸೊನ್ನೆ ಬರೆಯದೆಯೂ ಕೆಲಸ ಸಾಗಿಸಬಹುದು. ಎಸ್‌ಟಿಆರ್‌ಸಿಸ್ಪಾನ್ ಎಂಬ, ಹೆಚ್ಚಾಗಿ ಯಾರೂ ಹೊಗಳದ ಫಂಕ್ಷನ್ ಒಂದಿದೆ. ಇಲ್ಲಿಂದ ಶುರುಮಾಡಿ ಈ ಅಕ್ಷರಗಳಲ್ಲಿ ಯಾವುದೂ ಸಿಗದೆ ಎಷ್ಟು ದೂರ ಹೋಗಬಹುದು ಎಂದು ಎಣಿಸಿ ಹೇಳುತ್ತದೆ, ಪಠ್ಯವನ್ನು ಮುಟ್ಟುವುದಿಲ್ಲ. ಆರಂಭದ ವಿಳಾಸ, ಉದ್ದ, ಇವೆರಡೇ ಸಾಕು ಅಂಕಣವನ್ನು ಹಿಡಿಯಲು. ಸಾಲನ್ನು ಮತ್ತೆ ಇದ್ದಂತೆಯೇ ಬಳಸಬೇಕಾದಾಗ, ತಪ್ಪಿದ್ದರೆ ಮೂಲ ಸಾಲನ್ನು ತೋರಿಸಿ ದೂರಬೇಕಾದಾಗ, ಈ ದಾರಿ ಸರಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಡಿಲಿಮಿಟರ್ ಅಂಕಣದೊಳಗೆ ಬರಲಾರದು ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಮುರಿಯುವುದು ಅಂಕಣಗಳನ್ನು ಕಾಮಾದಿಂದ ಬೇರ್ಪಡಿಸುವ ಕಾಮಾ ಫೈಲಿನಲ್ಲಿ. ಆಸ್ಕಿಯಲ್ಲಿ 28ರಿಂದ 31ರವರೆಗಿನ ನಾಲ್ಕು ಸಂಕೇತಗಳನ್ನು ಮಾಹಿತಿ ಬೇರ್ಪಡಿಸುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ಅವನ್ನು ಬಳಸಿದ್ದರೆ ತಕರಾರೇ ಇರುತ್ತಿರಲಿಲ್ಲ. ಆದರೆ ಅವಕ್ಕೆ ಕೀಬೋರ್ಡಿನಲ್ಲಿ ಸ್ವಂತ ಗುಂಡಿ ಇಲ್ಲ, ಪರದೆಯ ಮೇಲೆ ರೂಪವೂ ಇಲ್ಲ. ಕೈಗೆ ಸಿಗುವ, ಕಣ್ಣಿಗೆ ಕಾಣುವ ಕಾಮಾ ಗೆದ್ದಿತು. ಅದು ಜೊತೆಗೆ ತಂದ ಫಜೀತಿ ಈ ಒಂದು ಸಾಲಿನಲ್ಲಿದೆ:

ರಂಗಪ್ಪ,"12, 4ನೇ ಅಡ್ಡರಸ್ತೆ, ಮಲ್ಲೇಶ್ವರ","1,25,000"

ಆರು ಕಾಮಾ ಇವೆ. ಅಂಕಣ ಬೇರೆ ಮಾಡುವವು ಅವುಗಳಲ್ಲಿ ಎರಡೇ. ಉಳಿದ ನಾಲ್ಕು ವಿಳಾಸಕ್ಕೂ ನಮ್ಮ ಲಕ್ಷದ ಲೆಕ್ಕಕ್ಕೂ ಸೇರಿದವು. ಅವನ್ನು ಕಾಪಾಡುತ್ತಿರುವುದು ಉದ್ಧರಣ ಚಿಹ್ನೆಗಳು. ಇನ್ನು ಅಂಕಣದೊಳಗೇ ಉದ್ಧರಣ ಚಿಹ್ನೆ ಬೇಕಾದರೆ? ಅದನ್ನು ಎರಡು ಸಲ ಬರೆಯಬೇಕು. ದಶಕಗಳಿಂದ ಜನ ಬಳಸಿಕೊಂಡು ಬಂದ ಈ ಪದ್ಧತಿಯನ್ನು ಯಾಕೊವ್ ಶಾಫ್ರನೋವಿಚ್ 2005ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 4180 ಎಂಬ ಚಿಕ್ಕ ದಾಖಲೆಯಾಗಿ ಬರೆದಿಟ್ಟರು. ಅದರ ಪ್ರಕಾರ ಉದ್ಧರಣದೊಳಗೆ ಹೊಸ ಸಾಲು ಕೂಡ ಬರಬಹುದು. ಹಾಗಾಗಿ ‘ಒಂದು ಸಾಲು ಎಂದರೆ ಒಂದು ದಾಖಲೆ’ ಎಂದು ಎಫ್‌ಗೆಟ್ಸ್‌ನಿಂದ ತರುವ ಸರಳ ದಾರಿಯೂ ಇಲ್ಲಿಗೆ ಮುಗಿಯಿತು.

ಇಲ್ಲಿ ಸಿ ತೋರಿಸುವ ಒಂದು ಕುಶಲತೆಯನ್ನು ಹತ್ತಿರದಿಂದ ನೋಡಬೇಕು. ಉದ್ಧರಣ ಬಿಚ್ಚಿ, ಜೋಡಿ ಚಿಹ್ನೆಗಳನ್ನು ಒಂದು ಮಾಡಿದ ಅಂಕಣ ಮೂಲಕ್ಕಿಂತ ಯಾವಾಗಲೂ ಚಿಕ್ಕದಾಗಿರುತ್ತದೆ. ಚಿಕ್ಕದಾಗುವುದು ಖಚಿತ ಎಂದ ಮೇಲೆ ಬೇರೆ ಜಾಗ ಯಾಕೆ? ಅದೇ ಬಫರಿನಲ್ಲಿ ಎರಡು ಪಾಯಿಂಟರ್ ಇಟ್ಟುಕೊಂಡರಾಯಿತು, ಓದುವುದು ಒಂದು, ಬರೆಯುವುದು ಒಂದು. ಬರೆಯುವುದು ಆರಂಭದ ಉದ್ಧರಣ ಚಿಹ್ನೆಯ ಮೇಲೇ ನಿಂತಿರುತ್ತದೆ, ಓದುವುದು ಅದರ ಮುಂದಿನ ಬೈಟಿನಲ್ಲಿ. ಓದಿದ್ದನ್ನು ಹಿಂದಿನವನು ಬರೆದುಕೊಳ್ಳುತ್ತಾ ಇಬ್ಬರೂ ನಡೆಯುತ್ತಾರೆ. ಜೋಡಿ ಚಿಹ್ನೆ ಸಿಕ್ಕಾಗ ಓದುವವನು ಎರಡು ಹೆಜ್ಜೆ ಹಾಕುತ್ತಾನೆ, ಬರೆಯುವವನು ಒಂದು. ನಡುವಿನ ಅಂತರ ಒಂದು ಬೈಟ್ ಹೆಚ್ಚುತ್ತದೆ. ಅಂತರ ಹೆಚ್ಚಬಹುದೇ ಹೊರತು ಕಡಿಮೆಯಾಗಲಾರದು. ಆದ್ದರಿಂದ ಬರೆಯುವವನು ಇನ್ನೂ ಓದದ ಅಕ್ಷರವನ್ನು ಎಂದೂ ತುಳಿಯುವುದಿಲ್ಲ. ಕೊನೆಯ ಉದ್ಧರಣ ಬಂದಾಗ ಬರೆಯುವವನು ತಾನು ನಿಂತಲ್ಲಿ ಸೊನ್ನೆ ಬರೆಯುತ್ತಾನೆ. ಆ ಸೊನ್ನೆಗೆ ಜಾಗ ಎಲ್ಲಿಂದ ಬಂತು? ಬಿಚ್ಚಿಹಾಕಿದ ಉದ್ಧರಣ ಚಿಹ್ನೆ ಬಿಟ್ಟುಕೊಟ್ಟದ್ದು ಅದು. ಗಣಿತದ ಒಂದು ಚಿಕ್ಕ ಸಾಧನೆಯನ್ನು ಓದಿ ಮುಗಿಸಿದಾಗ ಆಗುವ ಸಂತೋಷ ಇದರಲ್ಲಿದೆ.

ಉದ್ಧರಣವನ್ನು ಉದ್ಧರಣದಿಂದಲೇ ಕಾಯುವ ಆ ನಿಯಮ ಮೊದಲ ನೋಟಕ್ಕೆ ಒರಟಾಗಿ ಕಾಣುತ್ತದೆ. ಅದರೊಳಗೂ ಒಂದು ಚೆಲುವಿದೆ. ಪ್ರತಿ ಉದ್ಧರಣ ಚಿಹ್ನೆಯೂ ‘ಒಳಗೆ’, ‘ಹೊರಗೆ’ ಎಂದು ಸ್ಥಿತಿಯನ್ನು ತಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಜೋಡಿ ಚಿಹ್ನೆ ಬಂದಾಗ ಒಂದು ಹೊರಗೆ ಹಾಕುತ್ತದೆ, ಮರುಕ್ಷಣ ಇನ್ನೊಂದು ಒಳಗೆ ತರುತ್ತದೆ. ನಡುವೆ ಯಾವ ಅಕ್ಷರವೂ ಇಲ್ಲದ್ದರಿಂದ ಏನೂ ಕೆಡುವುದಿಲ್ಲ. ಅಂದರೆ ಒಂದು ಕಾಮಾ ನಿಜವಾದ ಡಿಲಿಮಿಟರೋ ಅಲ್ಲವೋ ಎಂದು ತಿಳಿಯಲು ಅದರ ಹಿಂದೆ ಬಂದ ಉದ್ಧರಣಗಳ ಸಂಖ್ಯೆ ಸಮವೋ ಬೆಸವೋ ಎಂದು ನೋಡಿದರೆ ಸಾಕು. ಇಂದಿನ ಪ್ರೊಸೆಸರುಗಳು ಇದನ್ನು ಒಂದೊಂದೇ ಬೈಟಾಗಿ ಎಣಿಸಬೇಕಾಗಿಲ್ಲ. 64 ಬೈಟಿಗೆ 64 ಬಿಟ್ಟು ಎಂದು ಉದ್ಧರಣಗಳ ನಕ್ಷೆ ಮಾಡಿಕೊಂಡು, ಅದನ್ನು ಎಲ್ಲ ಬಿಟ್ಟೂ ಒಂದಾಗಿರುವ ಸಂಖ್ಯೆಯಿಂದ ದಶಕ ಒಯ್ಯದ ಗುಣಾಕಾರ ಮಾಡಿದರೆ, ಯಾವ ಬೈಟ್ ಒಳಗೆ, ಯಾವುದು ಹೊರಗೆ ಎಂಬುದು ಒಂದೇ ಏಟಿಗೆ ಸಿಗುತ್ತದೆ. ಜೆಫ್ ಲ್ಯಾಂಗ್‌ಡೇಲ್ ಮತ್ತು ಡೇನಿಯಲ್ ಲೆಮೀರ್ 2019ರಲ್ಲಿ ಜೇಸನ್ ಪಠ್ಯಕ್ಕಾಗಿ ಈ ತಂತ್ರವನ್ನು ವಿವರಿಸಿದ್ದಾರೆ. ಕಾಮಾ ಫೈಲಿಗೂ ಅದು ಹಾಗೆಯೇ ಒಗ್ಗುತ್ತದೆ.

ಈ ವಿಷಯದ ಮೇಲೆ ಬಂದ ಗದ್ಯದಲ್ಲಿ ನಾನು ಬಹಳ ಗೌರವದಿಂದ ಕಾಣುವುದು ಬ್ರಯಾನ್ ಕರ್ನಿಹನ್ ಮತ್ತು ರಾಬ್ ಪೈಕ್ 1999ರಲ್ಲಿ ಬರೆದ ‘ದಿ ಪ್ರಾಕ್ಟೀಸ್ ಆಫ್ ಪ್ರೋಗ್ರಾಮಿಂಗ್’ ಪುಸ್ತಕದ ನಾಲ್ಕನೆಯ ಅಧ್ಯಾಯ. ಷೇರು ದರಗಳ ಕಾಮಾ ಸಾಲುಗಳನ್ನು ಎಸ್‌ಟಿಆರ್‌ಟಾಕ್‌ನಿಂದ ಬಿಡಿಸುವ ಕಚ್ಚಾ ಕೋಡಿನಿಂದ ಶುರುವಾಗಿ, ಅದರ ಲೋಪಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಬೇರೆಯವರು ನಂಬಿ ಬಳಸಬಹುದಾದ ಲೈಬ್ರರಿಯಾಗಿ ಅದು ಬೆಳೆಯುತ್ತದೆ. ಆ ಲೈಬ್ರರಿ ಸಾಲಿನ ಎರಡು ಪ್ರತಿ ಇಟ್ಟುಕೊಳ್ಳುತ್ತದೆ: ಸೊನ್ನೆ ಬಿದ್ದು ತುಂಡಾದದ್ದು ಒಂದು, ಕೇಳಿದವರಿಗೆ ಕೊಡಲು ಅಖಂಡವಾಗಿ ಉಳಿದದ್ದು ಒಂದು. ಮೆಮೊರಿ ಅಗ್ಗವಾದ ಕಾಲದಲ್ಲಿ ಈ ಧಾರಾಳತನ ಸರಿಯಾದ ತೀರ್ಮಾನ. ಇದೇ ಕರ್ನಿಹನ್, ಎಂಬತ್ತು ದಾಟಿದ ಮೇಲೆ, 1977ರಲ್ಲಿ ಗೆಳೆಯರೊಡನೆ ಕಟ್ಟಿದ ಆಕ್ ಭಾಷೆಗೆ ಕಾಮಾ ಫೈಲು ಸರಿಯಾಗಿ ಓದುವ ಶಕ್ತಿಯನ್ನೂ ಯುಟಿಎಫ್-8 ಬೆಂಬಲವನ್ನೂ ಸೇರಿಸಿದರು. 2023ರಲ್ಲಿ ಬಂದ ಆಕ್ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಎರಡೂ ಇವೆ.

ಯುಟಿಎಫ್-8 ಎಂದ ಕೂಡಲೇ ಮಾತು ಕನ್ನಡಕ್ಕೆ ಬರುತ್ತದೆ. 1992ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಕೆನ್ ಥಾಂಪ್ಸನ್ ಇದರ ವಿನ್ಯಾಸ ಬರೆದರೆಂದು ಜೊತೆಗಿದ್ದ ರಾಬ್ ಪೈಕ್ ದಾಖಲಿಸಿದ್ದಾರೆ. ಆಸ್ಕಿಯ ಹೊರಗಿನ ಯಾವ ಅಕ್ಷರವನ್ನೇ ಬರೆಯಿರಿ, ಅದರ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ಮೇಲೆ. ‘ಕ’ ಎಂದರೆ 224, 178, 149. ‘ಕನ್ನಡ’ ಎಂಬ ಪದಕ್ಕೆ ಹದಿನೈದು ಬೈಟ್. ಹದಿನೈದೂ 128ರ ಮೇಲೆಯೇ. ಕಾಮಾ 44, ಕೋಲನ್ 58, ಉದ್ಧರಣ 34, ಸಾಲಿನ ಕೊನೆ 10, ಪಠ್ಯದ ಕೊನೆ 0. ಇವು ಕನ್ನಡದ ಯಾವ ಅಕ್ಷರದ ಹೊಟ್ಟೆಯಲ್ಲೂ ಅಡಗಿರಲಾರವು. ಆದ್ದರಿಂದ ಕನ್ನಡ ಎಂದರೇನೆಂದು ತಿಳಿಯದ, ಯೂನಿಕೋಡ್ ಹುಟ್ಟುವ ಮೊದಲೇ ಬರೆದ 1979ರ ಆ ನಾಲ್ಕು ಸಾಲಿಗೆ ಕನ್ನಡ ಹೆಸರುಗಳ ಪಟ್ಟಿ ಕೊಟ್ಟರೂ ಅದು ಕೋಲನ್ ಇದ್ದಲ್ಲಿಯೇ ಕತ್ತರಿಸುತ್ತದೆ, ಒಂದಕ್ಷರವನ್ನೂ ಗಾಯಗೊಳಿಸುವುದಿಲ್ಲ.

ಎಲ್ಲ ಲಿಪಿಗಳಿಗೂ ಎಲ್ಲ ಸಂಕೇತಗಳಲ್ಲೂ ಈ ಭಾಗ್ಯವಿಲ್ಲ. ಜಪಾನಿನ ಹಳೆಯ ಶಿಫ್ಟ್-ಜಿಸ್ ಪದ್ಧತಿಯಲ್ಲಿ ‘ಪೊ’ ಎಂಬ ಅಕ್ಷರದ ಎರಡನೆಯ ಬೈಟ್ 124. ಪೈಪ್ ಗೆರೆಯ ಸಂಖ್ಯೆಯೂ ಅದೇ. ಪೈಪ್ ಹಾಕಿ ಅಂಕಣ ಮಾಡಿದ ಫೈಲಿನಲ್ಲಿ ಆ ಅಕ್ಷರ ಬಂದರೆ ಬೈಟ್ ಲೆಕ್ಕದ ಕೋಡ್ ಅದನ್ನು ನಡುವೆಯೇ ಸೀಳುತ್ತದೆ. ಯುಟಿಎಫ್-16ರಲ್ಲಾದರೆ ನಮ್ಮ ನೆರೆಯ ತೆಲುಗಿನ ‘ಬ’ ಅಕ್ಷರದ ಒಂದು ಬೈಟ್ ನೇರವಾಗಿ 44, ಕಾಮಾದ ಸಂಖ್ಯೆ.

ಕನ್ನಡಿಗರು ಗಮನಿಸಬೇಕಾದ ಎರಡು ಕಡೆ ಇವೆ. ಇಂಟೆಲ್ ಬಗೆಯ ಯಂತ್ರಗಳಲ್ಲಿ ಸಿಯ ಸಾಮಾನ್ಯ ‘ಕ್ಯಾರ್’ ಋಣಸಂಖ್ಯೆಯನ್ನೂ ಹಿಡಿಯುವ ಜಾತಿಯದು. ಅಲ್ಲಿ 224 ಎಂಬುದು −32 ಆಗಿ ಕಾಣುತ್ತದೆ. ಅಂಕಣದ ಅಂಚಿನ ಖಾಲಿ ಜಾಗ ತೆಗೆಯಲು ಅದನ್ನು ಹಾಗೆಯೇ ಇಸ್‌ಸ್ಪೇಸ್‌ಗೆ ಕೊಟ್ಟರೆ ಫಲಿತಾಂಶಕ್ಕೆ ಮಾನಕದ ರಕ್ಷಣೆ ಇಲ್ಲ. ಮೊದಲು ‘ಅನ್‌ಸೈನ್ಡ್ ಕ್ಯಾರ್’ ಮಾಡಿಯೇ ಕೊಡಬೇಕು. ಇಂಗ್ಲಿಷ್ ದತ್ತಾಂಶದಲ್ಲಿ ಎಂದೂ ಬೆಳಕಿಗೆ ಬಾರದ ಈ ದೋಷ ಕನ್ನಡದ ಮೊದಲ ಅಕ್ಷರಕ್ಕೇ ಎದುರಾಗುತ್ತದೆ. ಎರಡನೆಯದು, ಎಕ್ಸೆಲ್‌ನಿಂದ ಯುಟಿಎಫ್-8 ಕಾಮಾ ಫೈಲಾಗಿ ಉಳಿಸಿದಾಗ ಫೈಲಿನ ತಲೆಯಲ್ಲಿ 239, 187, 191 ಎಂಬ ಮೂರು ಕಾಣದ ಬೈಟುಗಳು ಕೂರುತ್ತವೆ. ಅವನ್ನು ದಾಟಿಸದಿದ್ದರೆ ಮೊದಲ ಅಂಕಣದ ಶೀರ್ಷಿಕೆ ಕಣ್ಣಿಗೆ ‘ಹೆಸರು’ ಎಂದೇ ಕಂಡರೂ ಹೋಲಿಕೆಯಲ್ಲಿ ಎಂದೂ ಸರಿಹೊಂದುವುದಿಲ್ಲ.

ಅಭ್ಯಾಸಕ್ಕೆ ಬೇಕಾದ ಫೈಲುಗಳಿಗೇನೂ ಬರವಿಲ್ಲ. ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿ ಎಲ್ಲ ಯೋಜನೆಗಳ ನಿವ್ವಳ ಮೌಲ್ಯವನ್ನು ಸೆಮಿಕೋಲನ್ ಇಟ್ಟ ಒಂದು ಪಠ್ಯ ಫೈಲಿನಲ್ಲಿ ಪ್ರಕಟಿಸುತ್ತದೆ. ಮೊದಲ ಸಾಲಿನಲ್ಲಿ ಶೀರ್ಷಿಕೆ, ನಡುನಡುವೆ ಖಾಲಿ ಸಾಲುಗಳು, ಸೆಮಿಕೋಲನ್ನೇ ಇಲ್ಲದ ಕಂಪನಿ ಹೆಸರಿನ ಸಾಲುಗಳು, ಮಾಹಿತಿ ಇಲ್ಲದ ಕಡೆ ಒಂದು ಅಡ್ಡಗೆರೆ. ಉದ್ಧರಣದ ಗೊಡವೆ ಇಲ್ಲದೆಯೂ ಯೋಚನೆಗೆ ಹಚ್ಚುವ ಫೈಲು ಅದು.

ಏಳನೆಯ ಆವೃತ್ತಿಯ ಮೂಲ ಕೋಡನ್ನು ಕಾಲ್ಡೆರಾ ಕಂಪನಿ 2002ರಲ್ಲಿ ಯಾರು ಬೇಕಾದರೂ ಓದಿ ಬಳಸುವಂತೆ ಬಿಡುಗಡೆ ಮಾಡಿದೆ. ಸಿ ಬಲ್ಲವರು ಅದರ ಲೈಬ್ರರಿ ಡೈರೆಕ್ಟರಿಯಿಂದ ಪಾಸ್‌ವರ್ಡ್ ಫೈಲು ಓದುವ ಕೋಡನ್ನು ಹುಡುಕಿ ಒಮ್ಮೆ ನಿಧಾನವಾಗಿ ಓದಿ. ಆಮೇಲೆ ನಿಮ್ಮ ಊರಿನದೇ ಒಂದು ಕನ್ನಡ ಪಟ್ಟಿ ತೆಗೆದುಕೊಳ್ಳಿ, ಗ್ರಂಥಾಲಯದ ಪುಸ್ತಕಗಳದ್ದಾಗಲಿ, ಸಹಕಾರ ಸಂಘದ ಸದಸ್ಯರದ್ದಾಗಲಿ. ಅದನ್ನು ಬಿಡಿಸುವ ಕೋಡನ್ನು ಯಾವ ಲೈಬ್ರರಿಯ ನೆರವೂ ಇಲ್ಲದೆ, ಒಂದೊಂದೇ ಬೈಟ್ ಓದುತ್ತಾ, ನೀವೇ ಬರೆಯಿರಿ.